ಕೊಣ್ಣೂರಿನ ಕಾರು, ಕಾರವಾರದ ಗಾಳಿ

ಗೋಕಾಕ ಬಳಿಯ ಕೊಣ್ಣೂರಿನಲ್ಲಿ ಬಯಲಲ್ಲಿ ನಿಲ್ಲುವ ಕಾರಿಗೆ ಬಿಸಿಲು, ದೂಳಿನದೇ ಕಾಟ. ಘಟಪ್ರಭೆಯ ಸಿಹಿನೀರು ಎರಡು ಬಕೆಟ್ ಸುರಿದರೆ ದೂಳು ಹೋಗುತ್ತದೆ. ಮಕ್ಕಳ ಓದಿಗೆಂದು ಕುಟುಂಬ ಕಾರವಾರಕ್ಕೆ ಹೋದರೆ, ಅದೇ ಕಾರು ಅಣಶಿ ಘಟ್ಟ ಇಳಿದು ಕಡಲಂಚಿನಲ್ಲಿ ನಿಲ್ಲಬೇಕು. ಅಲ್ಲಿ ಶತ್ರು ಬೇರೆ.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಹೋದವರು ‘ಐಎನ್‌ಎಸ್ ಚಪಲ್’ ನೋಡಿಯೇ ಬರುತ್ತಾರೆ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತವಾದ ಈ ಯುದ್ಧನೌಕೆ ಈಗ ವಸ್ತುಸಂಗ್ರಹಾಲಯ. ಸಮುದ್ರಕ್ಕೆಂದೇ ಕಟ್ಟಿದ ಈ ಉಕ್ಕಿನ ಒಡಲಿಗೂ ದಡದಲ್ಲಿ ಬಣ್ಣವೇ ಕವಚ.

ಕಾರಣ ಸರಳ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅಲೆ ಒಡೆದಾಗ ಸಿಡಿಯುವ ಸಣ್ಣ ಹನಿಗಳು ಗಾಳಿಯೊಡನೆ ಬಂದು ಕಾರಿನ ಮೇಲೆ ಕೂರುತ್ತವೆ. ಉಳಿದ ಉಪ್ಪು ತೇವವನ್ನು ಹೀರಿಕೊಳ್ಳುತ್ತದೆ. ಬಣ್ಣ ಎದ್ದ ಕಡೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.

ರಕ್ಷಣೆಗೆ ದಾರಿ ಹಲವು. ಮೇಣದ ಪಾಲಿಶ್ ಅಗ್ಗ, ಆದರೆ ಕೆಲವು ತಿಂಗಳಿಗೊಮ್ಮೆ ಹಚ್ಚಬೇಕು. ಸೆರಾಮಿಕ್ ಲೇಪ ಹೆಚ್ಚು ಕಾಲ ಬಾಳುತ್ತದೆ, ಕಲ್ಲೇಟು ತಡೆಯದು. ಪಾರದರ್ಶಕ ಹಾಳೆ ಕಲ್ಲೇಟು ತಡೆಯುತ್ತದೆ, ಬೆಲೆ ದುಬಾರಿ. ಬಟ್ಟೆ ಹೊದಿಸಿದರೆ ಅಡಿಯಲ್ಲಿ ಸಿಕ್ಕ ಮರಳು ಬಣ್ಣವನ್ನೇ ಉಜ್ಜುತ್ತದೆ. ಇವಾವುವೂ ಕಾರಿನ ತಳವನ್ನು ಕಾಯವು.

ಆದ್ದರಿಂದ ಮೊದಲ ಖರ್ಚು ಸಿಹಿನೀರಿಗೆ: ವಾರಕ್ಕೊಮ್ಮೆ ತಳವೂ ಸೇರಿ ತೊಳೆಯಬೇಕು. ಗೀರು ಬಿದ್ದರೆ ತಡಮಾಡದೆ ಬಣ್ಣ ಮುಟ್ಟಿಸಬೇಕು. ಲೇಪದ ಮಾತು ಆಮೇಲೆ.

ಮಕ್ಕಳು ಮನೆಯಲ್ಲೇ ಪರೀಕ್ಷಿಸಲಿ. ಕಬ್ಬಿಣದ ಮೊಳೆಗೆ ಮೇಣದಬತ್ತಿಯ ಮೇಣ ಬಳಿದು, ಒಂದು ಗೀರು ಎಳೆದು, ಉಪ್ಪುನೀರಿನಲ್ಲಿ ಕೆಲವು ದಿನ ಇಡಲಿ. ತುಕ್ಕು ಆ ಗೀರಿನಲ್ಲೇ ಮೊದಲು ಕಾಣುತ್ತದೆ.