ಬೇಡ ಎಂದವರ ಸಾಲಿನ ತುದಿಯಲ್ಲಿ ಗೌಡರು

1996ರ ಮೇ ತಿಂಗಳ ಎರಡನೇ ವಾರ, ದೆಹಲಿ. ಬೆಳಿಗ್ಗೆ ಒಂಬತ್ತಾಗಿಲ್ಲ, ಆಗಲೇ ಬಿಸಿಗಾಳಿ ಮುಖಕ್ಕೆ ರಾಚುತ್ತಿದೆ. ಕೌಟಿಲ್ಯ ಮಾರ್ಗದ ಕರ್ನಾಟಕ ಭವನದ ಗೇಟಿನ ಹೊರಗೆ ನೀವು ಮರದ ನೆರಳು ಹುಡುಕಿ ನಿಂತಿದ್ದೀರಿ. ಪಕ್ಕದಲ್ಲಿ ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡ ವರದಿಗಾರರು, ಹೆಗಲ ಮೇಲೆ ಭಾರದ ಕ್ಯಾಮೆರಾ ಹೊತ್ತವರು. ಇವರ ನಡುವೆ, ಹಾಸನ-ಮಂಡ್ಯದ ಕಡೆಯಿಂದ ರೈಲು ಹತ್ತಿ ಬಂದ ಬಿಳಿ ಅಂಗಿಯ ನಾಲ್ಕಾರು ಮಂದಿ. ಬಂದದ್ದು ಯಾಕೆ ಎಂದು ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿಲ್ಲ. ಬಿಳಿ ಅಂಬಾಸಿಡರ್ ಒಂದು ಒಳಗೆ ಹೋಗುತ್ತದೆ, ಇನ್ನೊಂದು ಹೊರಗೆ ಬರುತ್ತದೆ. ಒಳಗೆ ಯಾರಿದ್ದಾರೆ ಎಂದು ಎಲ್ಲರೂ ಬಗ್ಗಿ ನೋಡುತ್ತಾರೆ. ಗಾಜಿಗೆ ಪರದೆ ಎಳೆದಿದೆ.

ಕೈಯಲ್ಲಿರುವ ಪೇಪರು ಬಿಡಿಸಿ, ಲೆಕ್ಕ ಅದರಲ್ಲೇ ಇದೆ. ಲೋಕಸಭೆಯಲ್ಲಿ 543 ಸ್ಥಾನ, ಬಹುಮತಕ್ಕೆ 272 ಬೇಕು. ಬಿಜೆಪಿಗೆ ಬಂದದ್ದು 161. ಐದು ವರ್ಷ ಆಳಿದ ನರಸಿಂಹ ರಾಯರ ಕಾಂಗ್ರೆಸ್ 140ಕ್ಕೆ ಕುಸಿದಿದೆ. ಜನತಾದಳ 46, ಸಿಪಿಎಂ 32. ಉಳಿದದ್ದು ತೆಲುಗುದೇಶಂ, ಡಿಎಂಕೆ, ಮೂಪನಾರ್ ಅವರ ತಮಿಳ್ ಮಾನಿಲ ಕಾಂಗ್ರೆಸ್, ಮುಲಾಯಂ ಅವರ ಸಮಾಜವಾದಿ ಪಕ್ಷ, ಹೀಗೆ ಚಿಲ್ಲರೆ ಚಿಲ್ಲರೆ. ಬಿಜೆಪಿಯನ್ನು ದೂರ ಇಡಬೇಕು ಎಂಬ ಒಂದೇ ಮಾತಿನ ಮೇಲೆ 13 ಪಕ್ಷಗಳು ಕೂಡಿವೆ. ಹೊರಗಿನಿಂದ ಬೆಂಬಲ ಕೊಡಲು ಕಾಂಗ್ರೆಸ್ ಸಿದ್ಧವಿದೆ. ಎಲ್ಲವೂ ಇದೆ, ಪ್ರಧಾನಿ ಒಬ್ಬರು ಇಲ್ಲ.

ಮೊದಲು ಎಲ್ಲರೂ ಓಡಿದ್ದು ವಿ.ಪಿ. ಸಿಂಗ್ ಮನೆಗೆ. ನೀವೂ ಆ ಗುಂಪಿನ ಹಿಂದೆ ಹೋಗಿ ನೋಡಿ. ನಾಯಕರು ಮನೆಗೆ ಬಂದು ಕೂರುವ ಹೊತ್ತಿಗೆ ಸಿಂಗರು ಅಲ್ಲಿಲ್ಲ. ಕಾರು ಹತ್ತಿ ದೆಹಲಿಯ ರಿಂಗ್ ರೋಡಿನಲ್ಲಿ ಸುತ್ತು ಹಾಕುತ್ತಿದ್ದಾರೆ. ಆರೋಗ್ಯ ಕೆಟ್ಟಿದೆ, ಒಮ್ಮೆ ಆ ಕುರ್ಚಿಯ ಬಿಸಿ ಉಂಡಾಗಿದೆ, ಇನ್ನು ಬೇಡ. ಪ್ರಧಾನಿ ಪಟ್ಟ ಬೆನ್ನಟ್ಟಿ ಬರುವಾಗ ಕಾರಿನಲ್ಲಿ ತಪ್ಪಿಸಿಕೊಂಡು ತಿರುಗಿದ ಮನುಷ್ಯ ನಮ್ಮ ಚರಿತ್ರೆಯಲ್ಲಿ ಇವರೊಬ್ಬರೇ ಇರಬೇಕು.

ಆಮೇಲೆ ಜ್ಯೋತಿ ಬಸು. ವಯಸ್ಸು 81, ಪಶ್ಚಿಮ ಬಂಗಾಳದಲ್ಲಿ 19 ವರ್ಷಗಳ ಮುಖ್ಯಮಂತ್ರಿ. ಅವರ ಹೆಸರಿಗೆ ಯಾರ ತಕರಾರೂ ಇಲ್ಲ, ಅವರ ಪಕ್ಷದ್ದನ್ನು ಬಿಟ್ಟು. ಸಿಪಿಎಂ ಕೇಂದ್ರ ಸಮಿತಿ ಬೇಡ ಎಂದಿತು. ಇನ್ನೊಮ್ಮೆ ಯೋಚಿಸಿ ಎಂದು ಕೂಡಿದ ಪಕ್ಷಗಳ ನಾಯಕರು ಕೇಳಿಕೊಂಡರು. ಸಮಿತಿ ಮತ್ತೆ ಸೇರಿ ಮತ್ತೆ ಬೇಡ ಎಂದಿತು. ಮುಂದೆ ಬಸು ಇದನ್ನು ಐತಿಹಾಸಿಕ ಪ್ರಮಾದ ಎಂದು ಕರೆದರು. ಆ ಹೊತ್ತಿಗೆ ಮಾತ್ರ ಶಿಸ್ತಿನ ಸಿಪಾಯಿಯ ಹಾಗೆ ಸುಮ್ಮನಿದ್ದರು.

ಆಂಧ್ರದ ಚಂದ್ರಬಾಬು ನಾಯ್ಡು ತಮ್ಮ ರಾಜ್ಯ ಬಿಟ್ಟು ಕದಲಲು ಒಲ್ಲರು. ಮೂಪನಾರ್ ಹೆಸರು ಬಂತು, ಹೋಯಿತು. ಜನತಾದಳದ ಅಧ್ಯಕ್ಷ ಲಾಲೂ ಪ್ರಸಾದರ ಬೆನ್ನಿಗೆ ಬಿಹಾರದ 22 ಸಂಸದರಿದ್ದಾರೆ, ಆದರೆ ಮೇವಿನ ಹಗರಣದ ತನಿಖೆ ಸಿಬಿಐ ಕೈಗೆ ಹೋಗಿದೆ. ಆಗ ಜ್ಯೋತಿ ಬಸು ಅವರೇ ಕರ್ನಾಟಕದ ಮುಖ್ಯಮಂತ್ರಿಯ ಕಡೆ ಕೈ ತೋರಿದರು.

ಗೇಟಿನ ಹೊರಗೆ ಒಮ್ಮೆಲೇ ಗದ್ದಲ. "ಯಾರಂತೆ?" "ಗೌಡ್ರಂತೆ!" ದೆಹಲಿಯ ವರದಿಗಾರನೊಬ್ಬ ಕಾಗುಣಿತ ಕೇಳುತ್ತಾನೆ: ದೇವ್ ಗೌಡಾನೋ, ದೇವೇಗೌಡಾನೋ? ಬಿಳಿ ಅಂಗಿಯವರಿಗೆ ನಗಬೇಕೋ ಅಳಬೇಕೋ ತಿಳಿಯದು. ಒಳಗೆ ಗೌಡರು ಒಲ್ಲೆ ಎನ್ನುತ್ತಿದ್ದಾರೆ. ಮುಖ್ಯಮಂತ್ರಿಯಾಗಿ ಒಂದೂವರೆ ವರ್ಷವೂ ತುಂಬಿಲ್ಲ, ಹಿಂದಿ ಬಾರದು, ನೀವೇ ಆಗಿ ಎಂದು ಬಸು ಅವರನ್ನೇ ಬೇಡಿಕೊಂಡದ್ದಾಗಿ ಗೌಡರು ಮುಂದೆ ಹೇಳಿಕೊಂಡಿದ್ದಾರೆ. ರಾಜಕಾರಣಿಗಳ ಇಂಥ ಮಾತನ್ನು ಚಿಟಿಕೆ ಉಪ್ಪು ಬೆರೆಸಿಯೇ ಕೇಳಬೇಕು ಎನ್ನುವವರಿದ್ದಾರೆ. ನನಗೆ ಇದು ನಿಜವೆಂದೇ ತೋರುತ್ತದೆ. ಬೆಂಗಳೂರಿನಲ್ಲಿ ಕೈಯಲ್ಲಿದ್ದದ್ದು ಪೂರ್ತಿ ಬಹುಮತದ ಸರ್ಕಾರ, ದೆಹಲಿಯಲ್ಲಿ ಕರೆಯುತ್ತಿದ್ದದ್ದು ಕಾಂಗ್ರೆಸ್ಸಿನ ಮರ್ಜಿಯಲ್ಲಿ ನಿಂತ ಕುರ್ಚಿ. ಲೆಕ್ಕ ಬಲ್ಲ ಯಾರಾದರೂ ಹಿಂದೆ ಮುಂದೆ ನೋಡುತ್ತಾರೆ.

ದೆಹಲಿಯ ಪತ್ರಿಕೆಗಳಿಗೆ ಈ ಹೆಸರು ಆಕಾಶದಿಂದ ಉದುರಿದ ಹಾಗೆ. ಇಲ್ಲಿ ತಡೆದು, ಏಳು ವರ್ಷ ಹಿಂದೆ ಹೋಗಿ ಹೊಳೆನರಸೀಪುರದಲ್ಲಿ ನಿಲ್ಲಿ. 1989, ಮತ ಎಣಿಕೆಯ ದಿನ. ಹರದನಹಳ್ಳಿಯ ರೈತ ದೊಡ್ಡೇಗೌಡರ ಮಗ, ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದಿದವರು, ಸಣ್ಣಪುಟ್ಟ ಗುತ್ತಿಗೆ ಕೆಲಸ ಮಾಡಿಸಿದವರು. 1962ರಲ್ಲಿ ಕಾಂಗ್ರೆಸ್ ಟಿಕೆಟ್ ಕೊಡದಿದ್ದಾಗ ಪಕ್ಷೇತರನಾಗಿ ನಿಂತು ಗೆದ್ದು, ಅಲ್ಲಿಂದ ಆರು ಚುನಾವಣೆ ಇದೇ ಕ್ಷೇತ್ರದಲ್ಲಿ ಸೋಲು ಕಾಣದವರು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿ ಕೂತು ಬಂದವರು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಮಂತ್ರಿ. ಜನತಾ ಪರಿವಾರ ಒಡೆದಾಗ ಜನತಾದಳಕ್ಕೆ ಹೋಗದೆ ಉಳಿದು, ಹೊಳೆನರಸೀಪುರ, ಕನಕಪುರ ಎರಡು ಕಡೆ ನಿಂತಿದ್ದಾರೆ. ಎಣಿಕೆ ಮುಗಿಯಿತು. ಎರಡೂ ಕಡೆ ಸೋಲು.

ಆ ಸಂಜೆ ಊರಿನಲ್ಲಿ ಯಾರನ್ನಾದರೂ ಕೇಳಿದ್ದರೆ, ಇನ್ನು ಗೌಡರ ಕತೆ ಮುಗೀತು ಎನ್ನುತ್ತಿದ್ದರು. ಸೋತವನ ಮನೆ ಮುಂದೆ ಕಾರುಗಳು ನಿಲ್ಲುವುದಿಲ್ಲ. ಗೌಡರು ಮಾತ್ರ ತಿರುಗುವುದನ್ನು ನಿಲ್ಲಿಸಲಿಲ್ಲ. ಹಳ್ಳಿ ಹಳ್ಳಿ, ಮದುವೆ ಮನೆ, ಸಾವಿನ ಮನೆ, ತಾಲ್ಲೂಕು ಕಚೇರಿ. ಯಾವ ನಾಲೆಯಲ್ಲಿ ಎಷ್ಟು ನೀರು ಹರಿಯಬೇಕು ಎಂಬುದು ಅವರ ಬಾಯಲ್ಲಿತ್ತು. ಯಾವ ಹೋಬಳಿಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದೂ ಅಷ್ಟೇ. 1991ರಲ್ಲಿ ಹಾಸನದಿಂದ ಲೋಕಸಭೆಗೆ ಗೆದ್ದರು. ಜನತಾದಳ ಸೇರಿ, 1994ರ ಡಿಸೆಂಬರಿನಲ್ಲಿ ವಿಧಾನಸಭೆಯ 224ರಲ್ಲಿ 115 ಸ್ಥಾನ ಗೆದ್ದ ಪಕ್ಷದ ಮುಖ್ಯಮಂತ್ರಿಯಾದರು. ದೇಶದ ಓದುಬಲ್ಲ ಜನ ಹತ್ತು ವರ್ಷದಿಂದ ಪ್ರಧಾನಿಯ ಜಾಗದಲ್ಲಿ ಊಹಿಸಿಕೊಳ್ಳುತ್ತಿದ್ದದ್ದು ರಾಮಕೃಷ್ಣ ಹೆಗಡೆಯವರನ್ನು. ಒಳ್ಳೆಯ ಇಂಗ್ಲಿಷ್, ಒಳ್ಳೆಯ ನಗು, ದೆಹಲಿಗೆ ಒಪ್ಪುವ ನಯ. ಅಂಥ ಹೆಗಡೆಯವರನ್ನು ಬದಿಗೆ ಸರಿಸಿ ಹಾಸನದ ಪಂಚೆ ಮುಂದೆ ಬಂದದ್ದು ದೆಹಲಿಗೆ ಎಷ್ಟೋ ದಿನ ಅರಗಲಿಲ್ಲ.

ದೆಹಲಿ ಮರೆತ ಒಂದು ಅಂಕಿ ಇದೆ. ಆ 1996ರ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಜನತಾದಳ ಗೆದ್ದದ್ದು 16. ಬಿಜೆಪಿ 6, ಕಾಂಗ್ರೆಸ್ 5, ಬಂಗಾರಪ್ಪನವರ ಪಕ್ಷಕ್ಕೆ 1. ದಳದ 46 ಸಂಸದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಗೌಡರ ರಾಜ್ಯದವರು. ಜ್ಯೋತಿ ಬಸು ಗಾಳಿಯಲ್ಲಿ ಕೈ ತೋರಿದ್ದಲ್ಲ.

ಆದರೂ ಕುರ್ಚಿ ತಕ್ಷಣ ಸಿಗಲಿಲ್ಲ. ರಾಷ್ಟ್ರಪತಿ ಶಂಕರ ದಯಾಳ ಶರ್ಮರು ಅತಿ ದೊಡ್ಡ ಪಕ್ಷ ಎಂದು ಬಿಜೆಪಿಯನ್ನು ಕರೆದರು. ಮೇ 16ರಂದು ವಾಜಪೇಯಿ ಪ್ರಮಾಣವಚನ ತೆಗೆದುಕೊಂಡರು. ಎರಡು ದಿನ ಕಳೆದು, ಮೇ 18ಕ್ಕೆ ಗೌಡರಿಗೆ 63 ತುಂಬಿತು. ಪ್ರಧಾನಿ ಪಟ್ಟಕ್ಕೆ ಹೆಸರಾಗಿದೆ, ಪಟ್ಟ ಇನ್ನೊಬ್ಬರ ಕೈಯಲ್ಲಿದೆ. ಸಂಸದರನ್ನು ಯಾರಾದರೂ ಸೆಳೆದರೆ ಹದಿಮೂರು ಪಕ್ಷಗಳ ಗಂಟು ಬಿಚ್ಚಿಹೋಗುತ್ತದೆ. ಬಿಚ್ಚಲಿಲ್ಲ.

ಮೇ 28. ಈಗ ನೀವು ದೆಹಲಿಯಲ್ಲಿ ಬೇಡ, ಹಾಸನ ಸೀಮೆಯ ಯಾವುದಾದರೂ ಹೋಟೆಲಿನಲ್ಲಿರಿ. ಗಲ್ಲಾದ ಮೇಲಿನ ಹಲಗೆಯಲ್ಲಿ ಟಿ.ವಿ., ದೂರದರ್ಶನದಲ್ಲಿ ಲೋಕಸಭೆಯ ವಿಶ್ವಾಸಮತ ಚರ್ಚೆಯ ನೇರ ಪ್ರಸಾರ. ತಿಂಡಿ ಮುಗಿದವರೂ ಎದ್ದು ಹೋಗುತ್ತಿಲ್ಲ, ಕಾಫಿ ಲೋಟ ಹಿಡಿದು ನಿಂತವರು ಬಾಗಿಲಿನವರೆಗೂ ಇದ್ದಾರೆ. ವಾಜಪೇಯಿ ಮಾತಾಡುತ್ತಿದ್ದಾರೆ. ತಡೆದು, ಕಣ್ಣು ಮುಚ್ಚಿ, ಕೈ ಎತ್ತಿ ಆಡುವ ಆ ಹಿಂದಿ ಇಲ್ಲಿ ಅರ್ಧಕ್ಕರ್ಧ ಜನಕ್ಕೆ ತಿಳಿಯದು. ಆದರೂ ಯಾರೂ ಮಾತಾಡುತ್ತಿಲ್ಲ. ಸೋಲುವ ಮನುಷ್ಯನೂ ಇಷ್ಟು ಚೆನ್ನಾಗಿ ಮಾತಾಡಬಲ್ಲನೇ ಎಂಬ ಮೆಚ್ಚುಗೆ ಎದುರಾಳಿಗಳ ಮುಖದ ಮೇಲೂ ಇದೆ. ಕೊನೆಯಲ್ಲಿ ರಾಷ್ಟ್ರಪತಿಗೆ ರಾಜೀನಾಮೆ ಕೊಡಲು ಹೊರಟಿದ್ದೇನೆ ಎಂದರಲ್ಲ, ಅದು ಎಲ್ಲರಿಗೂ ತಿಳಿಯಿತು. ಮತ ಹಾಕುವ ತನಕ ಹೋಗಲೇ ಇಲ್ಲ. ಹದಿಮೂರು ದಿನದ ಸರ್ಕಾರ ಮುಗಿಯಿತು. ಹೊರಗೆ ಪಟಾಕಿ ಸದ್ದು.

ತಮಾಷೆ ನೋಡಿ: ಆ ಸದನಕ್ಕೆ ಮುಂದಿನ ಪ್ರಧಾನಿ ಸದಸ್ಯರೇ ಅಲ್ಲ. ಲೋಕಸಭೆಯಲ್ಲೂ ಇಲ್ಲ, ರಾಜ್ಯಸಭೆಯಲ್ಲೂ ಇಲ್ಲ. ಆರು ತಿಂಗಳೊಳಗೆ ಯಾವುದಾದರೂ ಸದನಕ್ಕೆ ಆಯ್ಕೆಯಾದರೆ ಸಾಕು ಎಂದು ಸಂವಿಧಾನ ಹೇಳುತ್ತದೆ. ಸೆಪ್ಟೆಂಬರಿನಲ್ಲಿ ಅವರು ರಾಜ್ಯಸಭೆಗೆ ಬಂದರು. ಮೇ 31ರಂದು ಬೆಂಗಳೂರಿನಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದರು. ಜೂನ್ 1ರಂದು ರಾಷ್ಟ್ರಪತಿ ಭವನದಲ್ಲಿ ಎಚ್.ಡಿ. ದೇವೇಗೌಡರು ಪ್ರಮಾಣವಚನ ತೆಗೆದುಕೊಂಡರು. ಕರ್ನಾಟಕದಿಂದ ಮೊದಲ ಪ್ರಧಾನಿ. ದಕ್ಷಿಣದವರಲ್ಲಿ ನರಸಿಂಹ ರಾಯರ ನಂತರ ಎರಡನೆಯವರು. ಜೂನ್ 12ಕ್ಕೆ ಲೋಕಸಭೆಯಲ್ಲಿ ವಿಶ್ವಾಸಮತ ಗೆದ್ದರು. ಅದೇ ತಿಂಗಳು ಹೆಗಡೆಯವರನ್ನು ಜನತಾದಳದಿಂದ ಹೊರಹಾಕಲಾಯಿತು. ಗೆದ್ದ ಗಳಿಗೆಯಲ್ಲಿ ಅದೊಂದನ್ನು ಮಾಡದೆ ಇರಬಹುದಿತ್ತು.

ಇನ್ನೊಂದು ದಿನ ನೀವು ನೋಡಲೇಬೇಕು. ಆಗಸ್ಟ್ 15, ಕೆಂಪುಕೋಟೆ. ಮುಂಜಾನೆಯ ಸೆಕೆಗೆ ಶಾಲಾ ಮಕ್ಕಳ ಸಮವಸ್ತ್ರ ಬೆನ್ನಿಗೆ ಅಂಟಿದೆ. ಮೇಲೆ, ಗುಂಡು ತಾಗದ ಗಾಜಿನ ಹಿಂದೆ, ಬಿಳಿ ಜುಬ್ಬದ ಗೌಡರು ಹಾಳೆ ತಿರುವುತ್ತಿದ್ದಾರೆ. ನೀವು ಅವರ ಹೆಗಲ ಹಿಂದೆ ನಿಂತು ಆ ಹಾಳೆ ನೋಡಬಲ್ಲಿರಾದರೆ, ಭಾಷೆ ಹಿಂದಿ, ಅಕ್ಷರ ಕನ್ನಡ. 'ಹೈ' ಎಂಬುದಕ್ಕೆ ಹಕಾರಕ್ಕೆ ಐತ್ವ, 'ಹೂಂ' ಎಂಬುದಕ್ಕೆ ಕೊಂಬಿನ ದೀರ್ಘ, ಸೊನ್ನೆ. ಉಸಿರು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಭಾಷೆ ಬಾರದವನು ಕಣ್ಣಲ್ಲೇ ಹುಡುಕಿಕೊಳ್ಳಬೇಕು. ಉಚ್ಚಾರ ಕೇಳಿ ದೆಹಲಿಯ ಕೆಲವರು ನಕ್ಕರು. ಮುದ್ದೆ ತಿನ್ನುವುದಕ್ಕೂ ನಕ್ಕರು, ಸಭೆಯಲ್ಲಿ ಕಣ್ಣು ಮುಚ್ಚಿದ್ದಕ್ಕೂ ನಕ್ಕರು. ಬಾರದ ಭಾಷೆಯಲ್ಲಿ ದೇಶದ ಎದುರು ಇಡೀ ಭಾಷಣ ಓದಿದ ಧೈರ್ಯ ಎಷ್ಟು ದೊಡ್ಡದು ಎಂದು ಅಳೆದವರು ಕಡಿಮೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಷೇಕ್ ಹಸೀನಾ ಜೊತೆ ಗಂಗೆಯ ನೀರು ಹಂಚಿಕೆಯ 30 ವರ್ಷದ ಒಪ್ಪಂದಕ್ಕೆ ಸಹಿ ಬಿತ್ತು. ಹೇಮಾವತಿಯ ದಂಡೆಯ ಹಳೆಯ ನೀರಾವರಿ ಮಂತ್ರಿಗೆ ಅದು ಅಪರಿಚಿತ ವಿಷಯವೇನಲ್ಲ. ಜನವರಿಯಲ್ಲಿ ಅಸ್ಸಾಮಿನ ಬೋಗಿಬೀಲ್ ಸೇತುವೆಗೆ ಅಡಿಗಲ್ಲು. ಫೆಬ್ರುವರಿಯಲ್ಲಿ ಚಿದಂಬರಂ ಮಂಡಿಸಿದ, ಕನಸಿನ ಬಜೆಟ್ ಎಂದು ಹೊಗಳಿಸಿಕೊಂಡ ಬಜೆಟ್. ಮಾರ್ಚ್ 30ಕ್ಕೆ ಸೀತಾರಾಂ ಕೇಸರಿಯವರ ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಿತು.

ಇದನ್ನೆಲ್ಲ ಅದೃಷ್ಟ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ನಮ್ಮಲ್ಲೂ ಇದ್ದಾರೆ. ಬೇರೆಯವರೆಲ್ಲ ಬೇಡ ಎಂದದ್ದು ಅದೃಷ್ಟವೇ, ಒಪ್ಪೋಣ. ಆದರೆ ಆ ಗಳಿಗೆಯಲ್ಲಿ 16 ಸಂಸದರನ್ನು ಗೆಲ್ಲಿಸಿಕೊಂಡು ನಿಂತಿದ್ದದ್ದು ಅದೃಷ್ಟವಲ್ಲ, ಎರಡು ಕ್ಷೇತ್ರದಲ್ಲಿ ಸೋತವರು ಏಳು ವರ್ಷ ಊರೂರು ತಿರುಗಿ ಕಟ್ಟಿದ್ದು. 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತದ ಎಣಿಕೆ ನಡೆಯಿತು: ಪರ 158, ವಿರುದ್ಧ 292. ಏಪ್ರಿಲ್ 21ಕ್ಕೆ ಐ.ಕೆ. ಗುಜ್ರಾಲ್ ಪ್ರಧಾನಿಯಾದರು. ಆ ಕುರ್ಚಿಯಲ್ಲಿ ಆಮೇಲೆ ಇನ್ನೊಬ್ಬ ಕನ್ನಡಿಗ ಕೂತಿಲ್ಲ.