ಹತ್ತಿರದ ಊರುಗಳಿಗೆ ಮೂರು ದಿನ

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಪ್ರವಾಸದ ಸುದ್ದಿ ಶುರುವಾಗುತ್ತದೆ. ಬೇಲೂರು, ಹಳೇಬೀಡು, ಮೈಸೂರು. ಇಲ್ಲವೇ ಜೋಗ, ಮುರ್ಡೇಶ್ವರ. ಬಸ್ಸು ರಾತ್ರಿ ಹೊರಡುತ್ತದೆ. ಮಕ್ಕಳು ಹಾಡಿ ಕುಣಿದು ಬೆಳಗಿನ ಜಾವ ನಿದ್ದೆ ಹೋಗುತ್ತಾರೆ, ನೋಡಬೇಕಾದ ಸ್ಥಳ ಬಂದಾಗ ಕಣ್ಣುಜ್ಜಿಕೊಳ್ಳುತ್ತ ಇಳಿಯುತ್ತಾರೆ. ಮರಳಿ ಬಂದ ಮೇಲೆ ಏನೇನು ನೋಡಿದಿರಿ ಎಂದು ಕೇಳಿದರೆ ಬಸ್ಸಿನಲ್ಲಿ ಹಾಕಿದ ಸಿನಿಮಾದ ಹೆಸರು ಹೇಳುತ್ತಾರೆ. ಇದು ತಮಾಷೆಯ ಮಾತಾಯಿತು. ತಮಾಷೆಯಲ್ಲದ ಸಂಗತಿಯೆಂದರೆ ಆ ನಾಲ್ಕು ದಿನ ತರಗತಿಯಲ್ಲಿ ಉಳಿಯುವ ಮಕ್ಕಳು. ಅವರು ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ.

ಅಂಥ ಮನೆಗಳಿಗೂ ಕೈಗೆಟುಕುವ, ಮೂರು ದಿನ ಎರಡು ರಾತ್ರಿಯ ಒಂದು ಪ್ರವಾಸ ಹಾವೇರಿ ಜಿಲ್ಲೆಯಲ್ಲಿಯೇ ಇದೆ. ಇಂಗ್ಲೆಂಡಿನವರಿಗೆ ಒಂದು ಒಳ್ಳೆಯ ಚಟವಿದೆ. ರಜೆ ಸಿಕ್ಕರೆ ತಮ್ಮದೇ ಸೀಮೆಯ ಹಳ್ಳಿಗಾಡಿಗೆ ಹೋಗಿ, ನಕಾಶೆ ಹಿಡಿದು, ಹೊಲಗಳ ನಡುವಿನ ಕಾಲುದಾರಿಯಲ್ಲಿ ಎರಡು ಮೂರು ದಿನ ಅಡ್ಡಾಡಿ ಬರುತ್ತಾರೆ. ನಮಗೆ ಹಿತ್ತಲ ಗಿಡ ಮದ್ದಲ್ಲ. ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವವರಿಗೆ ಇಂದಿಗೂ ಅದು ಕಿಟಕಿಯಲ್ಲಿ ಸರಿದುಹೋಗುವ ಊರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲುಹಳಿಯ ಮೇಲಿವೆ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೆದ್ದಾರಿಯಲ್ಲಿ ಹೆಚ್ಚೆಂದರೆ ಮುಕ್ಕಾಲು ಗಂಟೆ. 2023ರ ಜೂನ್‌ನಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲದ್ದರಿಂದ ತಾಯಿ-ಮಗಳು ಹೊರಟರೆ ದಾರಿಖರ್ಚೂ ಉಳಿಯುತ್ತದೆ. ಗುರುತಿನ ಚೀಟಿ ಮಾತ್ರ ಮರೆಯಬೇಡಿ.

ದೂರ ಕಡಿಮೆಯಿದೆಯೆಂದು ಹೇಗೆಂದರೆ ಹಾಗೆ ಹೊರಟರೆ ಮಾತ್ರ ಏನೂ ಕಾಣುವುದಿಲ್ಲ. ಇಲ್ಲಿಯ ಒಂದೊಂದು ಸ್ಥಳಕ್ಕೂ ಅದರದ್ದೇ ಹೊತ್ತು ಇದೆ. ಕೃಷ್ಣಮೃಗ ನೋಡಲು ಬೆಳಗ್ಗೆ ಬೇಗನೆ ಹೋಗಬೇಕು. ಹಾವೇರಿಯ ಸಿದ್ಧೇಶ್ವರ ಗುಡಿಯನ್ನು ಸಂಜೆ ನೋಡಬೇಕು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ ಸಾಮಾನ್ಯವಾಗಿ ಸೋಮವಾರ ಮತ್ತು ಗುರುವಾರ. ಈ ಮೂರನ್ನು ಒಂದು ಹಾಳೆಯ ಮೇಲೆ ಬರೆದು ಮಕ್ಕಳ ಕೈಗೆ ಕೊಟ್ಟು, 'ಎಲ್ಲಿಂದ ಶುರು ಮಾಡೋಣ?' ಎಂದು ಕೇಳಿ. ಏಳನೆಯ ತರಗತಿಯ ಹುಡುಗಿಯೂ ಹತ್ತು ನಿಮಿಷದಲ್ಲಿ ಲೆಕ್ಕ ಬಿಡಿಸುತ್ತಾಳೆ: ಶನಿವಾರ ಸಂಜೆ ಹಾವೇರಿ, ರಾತ್ರಿ ರಾಣೆಬೆನ್ನೂರು; ರವಿವಾರ ಬೆಳಗ್ಗೆ ಚಿಗರಿ, ಮಧ್ಯಾಹ್ನ ಹೊಳೆದಂಡೆ, ರಾತ್ರಿ ಹಾವೇರಿ; ಸೋಮವಾರ ಬ್ಯಾಡಗಿ. ಮೆಣಸಿನಕಾಯಿಯ ಆವಕ ಜೋರಾಗಿರುವುದು ಡಿಸೆಂಬರ್‌ನಿಂದ ಮುಂದೆ. ಆದ್ದರಿಂದ ಕ್ರಿಸ್‌ಮಸ್ ಅಥವಾ ಸಂಕ್ರಾಂತಿಯ ಆಸುಪಾಸು ಸೋಮವಾರವೂ ಬಿಡುವು ಸಿಗುವ ವಾರ ನೋಡಿಕೊಳ್ಳಬೇಕು. ಹಬ್ಬದ ದಿನವೇ ಹೋದರೆ ಮಾರುಕಟ್ಟೆಗೆ ಬೀಗ ಬಿದ್ದಿರುತ್ತದೆ, ಮೊದಲೇ ವಿಚಾರಿಸಿ.

ಹಾವೇರಿಯ ಸಿದ್ಧೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಹನ್ನೆರಡನೆಯ ಶತಮಾನದ ಕೆಲಸ. ಬಳಪದ ಕಲ್ಲಿನಲ್ಲಿ ಕಟ್ಟಿದ್ದು. ಒಂದು ಕಾಲದಲ್ಲಿ ಪಾಟಿಯ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯ ಕಲ್ಲೇ ಇದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಉಳಿಗೆ ಬಗ್ಗುತ್ತದೆ, ಗಾಳಿಗೆ ಬಿದ್ದ ಮೇಲೆ ಗಡುಸಾಗುತ್ತದೆ. ಅದಕ್ಕೇ ಕಂಬಗಳು ತಿರುಗಣಿಗೆ ಹಿಡಿದಂತೆ ನುಣುಪು. ಆದರೆ ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಶಿಲ್ಪವಲ್ಲ, ದಿಕ್ಕು. ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ಮೊದಲು ಇದು ವಿಷ್ಣುವಿನ ಗುಡಿಯಾಗಿದ್ದಿರಬೇಕು ಎನ್ನುವ ವಿದ್ವಾಂಸರಿದ್ದಾರೆ, ಜೈನರದ್ದಾಗಿತ್ತು ಎನ್ನುವವರೂ ಇದ್ದಾರೆ. ಆ ವಾದ ದೊಡ್ಡವರಿಗೆ ಬಿಟ್ಟು ನೀವು ಒಂದು ದಿಕ್ಸೂಚಿ ಒಯ್ಯಿರಿ. ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಾನೆಂದು ಪುಸ್ತಕದಲ್ಲಿ ಓದಿದ ಹುಡುಗ ಡಿಸೆಂಬರ್ ಸಂಜೆ ಇಲ್ಲಿ ನಿಂತು ಅಳೆದರೆ ಸೂರ್ಯ ಪಶ್ಚಿಮದಿಂದ ದಕ್ಷಿಣಕ್ಕೆ ಸುಮಾರು 24 ಡಿಗ್ರಿ ಸರಿದು ಮುಳುಗುವುದು ಕಾಣುತ್ತದೆ. ಸರಿಯಾಗಿ ಪಶ್ಚಿಮದಲ್ಲಿ ಮುಳುಗುವುದು ವರ್ಷದಲ್ಲಿ ಎರಡೇ ಸಲ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಸುಮಾರಿಗೆ. ಹಾಗಾದರೆ ಬಿಸಿಲು ಗರ್ಭಗುಡಿಯ ಕಡೆಗೆ ನೆಟ್ಟಗೆ ಹೋಗುವುದು ಯಾವಾಗ? ಉತ್ತರವನ್ನು ನೀವು ಹೇಳಬೇಡಿ. ಮನೆಗೆ ಹೋಗುವತನಕ ಯೋಚಿಸಲಿ.

ಹಾವೇರಿಯ ಪೇಟೆಯಲ್ಲಿ ಏಲಕ್ಕಿ ಹಾರ ಮಾಡುವುದನ್ನು ನೋಡಲು ಸಿಕ್ಕರೆ ನೋಡಿ. ಗಿರ್ಮಿಟ್, ಮಿರ್ಚಿ ತಿಂದು ಸಂಜೆಯ ಗಾಡಿಗೋ ಬಸ್ಸಿಗೋ ರಾಣೆಬೆನ್ನೂರಿಗೆ ಹೊರಡಿ. ಅಂದು ರಾತ್ರಿ ಬೇಗ ಮಲಗಲೇಬೇಕು.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ವಿಸ್ತೀರ್ಣ 119 ಚದರ ಕಿಲೋಮೀಟರ್. ಒಳಗೆ ಹೋಗಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಂದೆರಡು ದಿನ ಮುಂಚೆಯೇ ಕೇಳಿಕೊಳ್ಳುವುದು ಮೇಲು. ಏಳು ಗಂಟೆಯ ಒಳಗೆ ಅಲ್ಲಿರಬೇಕು. ಬಿಸಿಲು ಏರಿತೆಂದರೆ ಚಿಗರಿಗಳು ನೆರಳು ಹುಡುಕಿಕೊಂಡು ಹೋಗುತ್ತವೆ. ಬಲಿತ ಗಂಡು ಕಪ್ಪು ಮೈ, ತಿರುಚಿದ ಕೋಡು. ಹೆಣ್ಣು ಕಂದು, ಸಾಮಾನ್ಯವಾಗಿ ಕೋಡಿಲ್ಲ. ಹೆದರಿದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲವು. ಗಾಡಿಯಲ್ಲಿ ಬೆನ್ನುಹತ್ತಿ ಓಡಿಸಿ ಫೋಟೊ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬದುವಿನ ಮರೆಗೆ ಕೂತು ಅರ್ಧ ಗಂಟೆ ಸುಮ್ಮನಿದ್ದರೆ ಅವೇ ಕಾಣಿಸಿಕೊಳ್ಳುತ್ತವೆ.

ಒಮ್ಮೆ ಒಬ್ಬ ತಾಯಿ ನನ್ನನ್ನು ಕೇಳಿದರು: 'ಸರ್, ಇಷ್ಟು ದೂರ ಹೋಗಿ ಒಂದೂ ಚಿಗರಿ ಕಾಣಲಿಲ್ಲ ಅಂದ್ರ?' ಕಾಣದಿದ್ದರೂ ಅಲ್ಲಿ ನೋಡಲು ಒಂದು ಸಂಗತಿಯಿದೆ. ಅದು ಇಲ್ಲದಿರುವ ಹಕ್ಕಿಯ ಸಂಗತಿ. ಹೆಬ್ಬಕ, ಜನರ ಬಾಯಲ್ಲಿ ಎರೆಭೂತ. ಹಾರುವ ಹಕ್ಕಿಗಳಲ್ಲಿ ಜಗತ್ತಿನ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಗಂಡು 15 ಕಿಲೋವರೆಗೂ ತೂಗುತ್ತದೆ. ಬಯಲು ಹುಲ್ಲುಗಾವಲಿನಲ್ಲಿ ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುತ್ತದೆ. ಕೃಷ್ಣಮೃಗದ ಜೊತೆಗೆ ಈ ಹಕ್ಕಿಗೂ ರಾಣೆಬೆನ್ನೂರು ಹೆಸರಾಗಿತ್ತು. ಈಗ ಇಲ್ಲಿ ಕಾಣುವುದಿಲ್ಲ. ಇಡೀ ದೇಶದಲ್ಲಿ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ, ಅದರಲ್ಲೂ ಬಹುಪಾಲು ರಾಜಸ್ಥಾನದಲ್ಲಿ.

ಅಭಯಾರಣ್ಯದಲ್ಲಿ ನಿಂತು ಸುತ್ತ ನೋಡಿದರೆ ಕಾರಣದ ಒಂದು ಭಾಗ ಕಣ್ಣೆದುರಿಗೇ ಇದೆ: ನೀಲಗಿರಿ ಮರಗಳು. ಹುಲ್ಲುಗಾವಲಿನ ಬಹುಪಾಲು ನೆಡುತೋಪಾಯಿತು. ಬಯಲನ್ನು ನಂಬಿದ ಹಕ್ಕಿಗೆ ಮರವೆಂದರೆ ಗೋಡೆ. ದೂರದಿಂದ ಬರುವ ನರಿ ಕಾಣುವುದಿಲ್ಲ, ಭಾರದ ಮೈಯೆತ್ತಿ ಹಾರಲು ಬಯಲಿಲ್ಲ. ಬೇಟೆ, ಊರನಾಯಿ, ವಿದ್ಯುತ್ ತಂತಿ, ಹೊಲವಾದ ಬೀಳುಭೂಮಿ ಇವೂ ದೇಶದ ಉದ್ದಗಲಕ್ಕೆ ಈ ಹಕ್ಕಿಯ ಸಂಖ್ಯೆ ಇಳಿಸಿವೆ. ಶಾಲೆಗಳಲ್ಲಿ ನಾವು ವನಮಹೋತ್ಸವ ಮಾಡುತ್ತೇವೆ, ಗಿಡ ನೆಡುವುದು ಪುಣ್ಯ ಎಂದು ಹೇಳಿಕೊಡುತ್ತೇವೆ. ಎಲ್ಲಿ ನೆಡಬಾರದು ಎಂಬುದು ನಮ್ಮ ಪಾಠದಲ್ಲಿಲ್ಲ. ಹುಲ್ಲುಗಾವಲು ಬರಡು ನೆಲವಲ್ಲ, ಅದೂ ಕಾಡಿನಷ್ಟೇ ತುಂಬಿದ ಮನೆ ಎಂಬುದನ್ನು ಹೇಳಲು ರಾಣೆಬೆನ್ನೂರಿಗಿಂತ ಒಳ್ಳೆಯ ತರಗತಿ ನನಗೆ ಗೊತ್ತಿಲ್ಲ. ಹೊರಗೆ ಬಂದ ಮೇಲೆ ಪಕ್ಕದ ಹೊಲದವರನ್ನೂ ಮಾತಾಡಿಸಿ. ಚಿಗರಿ ಹಿಂಡು ಗೋವಿನಜೋಳಕ್ಕೆ ಬಿದ್ದರೆ ಬೆಳೆ ಏನಾಗುತ್ತದೆಂದು ಅವರು ಹೇಳುತ್ತಾರೆ. ಆ ಮಾತೂ ನಿಜವೇ. ಮಕ್ಕಳು ಎರಡನ್ನೂ ಕೇಳಿಸಿಕೊಂಡು ಬರಲಿ.

ಅಲ್ಲಿಂದ ಗುತ್ತಲದ ಕಡೆಗೆ. ಬಸ್ಸುಗಳಿವೆಯಾದರೂ ರವಿವಾರ ಅವನ್ನೇ ನಂಬಿಕೊಂಡರೆ ದಿನ ನಿಲ್ದಾಣದಲ್ಲಿಯೇ ಕಳೆಯುತ್ತದೆ. ಎರಡು ಮೂರು ಮನೆಯವರು ಕೂಡಿ ಒಂದು ಕ್ರೂಸರ್ ಮಾತಾಡಿಕೊಂಡರೆ ಅನುಕೂಲ. ಇಡೀ ಪ್ರವಾಸದಲ್ಲಿ ಕೈಬಿಚ್ಚಿ ಖರ್ಚು ಮಾಡಬೇಕಾದ ಜಾಗ ಇದೊಂದೇ. ಬುತ್ತಿ ಕಟ್ಟಿಕೊಂಡು ಹೋಗಿ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ತುಂಗಭದ್ರೆಯ ದಂಡೆಯ ಮೇಲೆ ಚೌಡದಾನಪುರದ ಮುಕ್ತೇಶ್ವರ ಗುಡಿ ಇದೆ. ಗುತ್ತಲದಿಂದ ಆಳಿದ ಗುತ್ತರು ತಮ್ಮನ್ನು ಉಜ್ಜಯಿನಿಯ ಗುಪ್ತರ ವಂಶದವರೆಂದು ಕರೆದುಕೊಂಡವರು. ಅವರ ಕಾಲದ ಎತ್ತರದ ಶಾಸನಗಲ್ಲುಗಳು ಗುಡಿಯ ಬಯಲಿನಲ್ಲಿ ನಿಂತಿವೆ. ಶಿವದೇವನೆಂಬ ವಿರಕ್ತ 1225ರಲ್ಲಿ ಇಲ್ಲಿಗೆ ಬಂದ ಸುದ್ದಿ ಅವುಗಳಲ್ಲಿದೆ. ಮಕ್ಕಳಿಗೆ ಹಳಗನ್ನಡ ಓದಲು ಬಾರದಿದ್ದರೂ ಎಂಟುನೂರು ವರ್ಷದ ಸಾಲಿನೊಳಗೆ ಗುರುತು ಸಿಗುವ ಅಕ್ಷರ ಹುಡುಕಲು ಹೇಳಿ. ಕಲ್ಲಿನ ಮೇಲೆ ಸೀಮೆಸುಣ್ಣ ಮಾತ್ರ ತಿಕ್ಕಬಾರದು. ವಚನಕಾರ ಅಂಬಿಗರ ಚೌಡಯ್ಯನ ಹೆಸರು ಕೂಡಿಕೊಂಡಿರುವುದೂ ಈ ಊರಿಗೇ.

ಹೊಳೆಗುಂಟ ಇನ್ನೂ ಕೆಳಗೆ, ವರದಾ ನದಿ ಬಂದು ತುಂಗಭದ್ರೆಯನ್ನು ಕೂಡುವಲ್ಲಿ, ಗಳಗನಾಥ. ಗಳಗೇಶ್ವರ ಗುಡಿಯ ಗರ್ಭಗುಡಿಗೆ ಪಿರಮಿಡ್ಡಿನಂತೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಒತ್ತಿ ಕಟ್ಟಿದ್ದಾರೆ. ನೆರೆಗೆ ಅಲುಗದಿರಲೆಂದು ಹಾಗೆ ಮಾಡಿದ್ದು ಎನ್ನುತ್ತಾರೆ. ಅಗಲ ತಳ, ಕೆಳಗಿಳಿದ ಗುರುತ್ವಕೇಂದ್ರ: ಒಂಬತ್ತನೆಯ ತರಗತಿಯ ಪಾಠ ಇದು. ಈ ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ವೆಂಕಟೇಶ ತಿರಕೊ ಕುಲಕರ್ಣಿಯವರು (1869-1942) ನಮ್ಮಂತೆ ಶಾಲಾಮಾಸ್ತರರು. 'ಮಾಧವ ಕರುಣಾ ವಿಲಾಸ'ದಂಥ ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂದು ಹಿರಿಯರು ಹೇಳುತ್ತಿದ್ದರು.

ತಂದೆತಾಯಂದಿರಿಗೆ ಒಂದು ಮಾತು. ಹೊಳೆ ಶಾಂತವಾಗಿ ಕಂಡರೂ ಮಕ್ಕಳನ್ನು ನೀರಿಗೆ ಬಿಡಬೇಡಿ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ಆಳುದ್ದವಾಗುತ್ತದೆ. ಈ ವಿಷಯದಲ್ಲಿ ಮಕ್ಕಳ ಮಾತು ಕೇಳಬಾರದು.

ಸೋಮವಾರ ಬೆಳಗ್ಗೆ ಹಾವೇರಿಯಿಂದ ಹೊರಟು ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ತಿರುಗಬೇಕು. ಮೋಟೆಬೆನ್ನೂರು ಮೈಲಾರ ಮಹಾದೇವನ ಊರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದಾಗ ಆತನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ.

ಬ್ಯಾಡಗಿ ಹತ್ತಿರವಾದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಮಕ್ಕಳ ಮೂಗಿಗೆ ಒಂದು ಬಟ್ಟೆ ಇರಲಿ. ಉಬ್ಬಸವಿರುವ ಮಕ್ಕಳನ್ನು ಒಳಗೆ ಕರೆದೊಯ್ಯಲೇಬೇಡಿ. ಪ್ರಾಂಗಣದ ತುಂಬ ಚೀಲಗಳು, ರಾಶಿಗಳು, ನೆಲವೆಲ್ಲ ಕೆಂಪು. ಸುತ್ತಲಿನ ಊರುಗಳದ್ದಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿಯೂ ಇಲ್ಲಿಗೆ ಬರುತ್ತದೆ. ತೆಳ್ಳಗೆ ಉದ್ದಕ್ಕೆ ಸುಕ್ಕುಸುಕ್ಕಾಗಿರುವುದು ಕಡ್ಡಿ, ದಪ್ಪಗೆ ಗಿಡ್ಡಕ್ಕಿರುವುದು ಡಬ್ಬಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಇದರ ಹೆಸರು ಖಾರಕ್ಕಲ್ಲ, ಬಣ್ಣಕ್ಕೆ. ಖಾರ ಕೊಡುವುದು ಕ್ಯಾಪ್ಸೈಸಿನ್, ಕೆಂಪು ಕೊಡುವುದು ಕ್ಯಾಪ್ಸಾಂಥಿನ್. ಎರಡೂ ಬೇರೆ ವಸ್ತುಗಳು. ಬ್ಯಾಡಗಿಯಲ್ಲಿ ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು. ಅದಕ್ಕೇ ಇದರ ಸತ್ವ ತೆಗೆದು ತಿಂಡಿಗಳಿಗೆ, ತುಟಿಯ ಬಣ್ಣಕ್ಕೂ ಬಳಸುತ್ತಾರೆ. ನಾಲ್ಕು ಕಾಯಿ ಮನೆಗೆ ತಂದು ಎರಡನ್ನು ಕುಟ್ಟಿ ನೀರಿಗೆ, ಎರಡನ್ನು ಕುಟ್ಟಿ ಎಣ್ಣೆಗೆ ಹಾಕಿ ನೋಡಿ. ಎಣ್ಣೆ ಕೆಂಪಾಗುತ್ತದೆ, ನೀರು ಅಷ್ಟು ಆಗುವುದಿಲ್ಲ. ಖಾರ ಹತ್ತಿದಾಗ ಅಜ್ಜಿ ನೀರಿನ ಬದಲು ಮೊಸರು ಕೊಡುವುದೇಕೆ ಎಂಬುದೂ ಇದರ ಪಕ್ಕದ ಪ್ರಶ್ನೆಯೇ.

ಅಲ್ಲಿ ತೊಟ್ಟು ಬಿಡಿಸುತ್ತ ಕೂತ ಹೆಣ್ಣುಮಕ್ಕಳ ಕೈಗಳನ್ನು ಮಕ್ಕಳು ನೋಡಲಿ. ದರ ತಿಳಿಯಲು ಕಾಯುವ ರೈತರ ಮುಖವನ್ನೂ ನೋಡಲಿ. 2024ರ ಮಾರ್ಚ್ 11, ಸೋಮವಾರ, ದರ ಕುಸಿಯಿತೆಂದು ಸಿಟ್ಟಿಗೆದ್ದ ಜನ ಇದೇ ಮಾರುಕಟ್ಟೆಯಲ್ಲಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯಿಟ್ಟದ್ದು ಸರಿಯಲ್ಲ. ಆದರೆ ಒಂದು ವರ್ಷದ ದುಡಿಮೆಯ ಬೆಲೆ ಒಂದು ಮಧ್ಯಾಹ್ನದಲ್ಲಿ ಗೊತ್ತಾಗುವುದೆಂದರೆ ಏನು ಎಂಬುದು ರೈತರ ಮಕ್ಕಳಿಗೆ ಹೇಳಬೇಕಿಲ್ಲ. ನೌಕರಿದಾರರ ಮಕ್ಕಳಿಗೆ ತೋರಿಸಬೇಕು.

ಮಧ್ಯಾಹ್ನ ಊಟ ಮಾಡಿ ಕಾಗಿನೆಲೆಗೆ ಹೋಗಿ. ಕನಕದಾಸರ ಆದಿಕೇಶವ ಇರುವ ಊರು, ಬ್ಯಾಡಗಿ ತಾಲೂಕಿನದೇ. ಎರಡು ದಿನ ಓಡಾಡಿದ ಕಾಲುಗಳಿಗೆ ಅಲ್ಲಿ ವಿಶ್ರಾಂತಿ ಬೇಕು, ಆದ್ದರಿಂದ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಸಂಜೆಯ ಬಸ್ಸಿನ ಹೊತ್ತು ಇಳಿದ ಕೂಡಲೇ ಕೇಳಿಕೊಂಡಿದ್ದರೆ ಸಾಕು.

ಈ ಮೂರು ದಿನದಲ್ಲಿ ಹೊಸರಿತ್ತಿ ಬಿಟ್ಟುಹೋಯಿತು, ಕದರಮಂಡಲಗಿಯ ಆಂಜನೇಯ, ಹೆಗ್ಗೇರಿ ಕೆರೆ ಬಿಟ್ಟುಹೋದವು. ದೇವರಗುಡ್ಡವಂತೂ ದಸರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವಾಗಲೇ ನೋಡಬೇಕಾದದ್ದು. ಆಗ ಬ್ಯಾಡಗಿಯಲ್ಲಿ ಹೊಸ ಕಾಯಿ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಬೇರೆ ಹಾಳೆ, ಬೇರೆ ಲೆಕ್ಕ.