ನಾಲ್ಕನೇ ದಿನ

ಚಪ್ಪಲಿ ಹೊರಗೇ ಬಿಡಿ. ಬಾಗಿಲ ಬಳಿ ಆಗಲೇ ಹತ್ತಾರು ಜೊತೆ ಬಿದ್ದಿವೆ, ನಿಮ್ಮದನ್ನು ಗುರುತಿಟ್ಟುಕೊಂಡು ಒಳಗೆ ಬನ್ನಿ. ಕಾವೇರಿಗೆ ಕಪಿಲೆ ಬಂದು ಸೇರುವ ತಿರುಮಕೂಡಲು ನರಸೀಪುರದಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಮೂರು ದಿನಗಳ ತರಬೇತಿ ಇವತ್ತು ಶುರು. ಬನ್ನೂರಿನ ಕಡೆಯವರು, ತಲಕಾಡಿನ ಕಡೆಯವರು, ಸೋಸಲೆಯವರು ಹಾಜರಿ ಪುಸ್ತಕದ ಮುಂದೆ ಸಾಲು ನಿಂತಿದ್ದಾರೆ. ಸಹಿ ಹಾಕಿದವರ ಕೈಗೆ ಒಂದು ಫೈಲು, ಒಂದು ಪೆನ್ನು. ನಿಮ್ಮ ಮುಂದಿರುವಾಕೆ ಕೇಂದ್ರದಲ್ಲಿ ಉಳಿದ ಸಹಾಯಕಿಗೆ ಫೋನಿನಲ್ಲಿ ಹೇಳುತ್ತಿದ್ದಾರೆ: “ಹಾಲಿನ್ ಪುಡಿ ಮೇಲಿನ್ ಡಬ್ಬದಲ್ಲದೆ ಕಣಕ್ಕ. ಮೊಟ್ಟೆ ಎಣಿಸ್ಬುಟ್ಟು ಕೊಡು. ಆ ಕೊನೆ ಮನೆ ಮಗ ಅತ್ಕೊಂಡೇ ಬತ್ತನೆ, ಒಸಿ ಹೊತ್ತು ಎತ್ಕೊ.”

ಈ ತಾಲ್ಲೂಕಿಗೆ ಅಂಗನವಾಡಿ ಹೊಸದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಯೋಗವಾಗಿ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಟಿ. ನರಸೀಪುರ. ಈಗ ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಕೇಂದ್ರಗಳಿವೆ. ಗೋಡೆಗೆ ಒರಗಿ ಕೂತಿರುವ ಆ ಹಿರಿಯಾಕೆಯನ್ನು ನೋಡಿ. ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ 26 ದಿನಗಳ ತರಬೇತಿ, ಆಮೇಲೆ ಆಗೀಗ ಐದು ದಿನಗಳ ಮರುತರಬೇತಿ ಎಂಬ ಪದ್ಧತಿಯಿತ್ತು. ತೂಕ, ಲಸಿಕೆ, ಪೌಷ್ಟಿಕ ಆಹಾರ, ದಾಖಲೆಗಳ ನಡುವೆ ಮಕ್ಕಳಿಗೆ ಕಲಿಸುವುದೂ ಒಂದು ಪಾಠವಾಗಿತ್ತು. ಈ ಸಲ ಹಾಗಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಪೋಷಣ್ ಭೀ ಪಢಾಯೀ ಭೀ’ ಕಾರ್ಯಕ್ರಮದಲ್ಲಿ ಕಲಿಸುವುದಕ್ಕೇ ಮೊದಲ ಮಣೆ.

ಪರದೆಯ ಮೇಲೆ ಮೊದಲ ಚಿತ್ರ ಬರುತ್ತದೆ. ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕೂ ಹೆಚ್ಚು ಆರು ವರ್ಷದೊಳಗೇ ಆಗುತ್ತದೆ ಎಂಬ, ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿರುವ ಮಾತು. ಸಂಪನ್ಮೂಲ ವ್ಯಕ್ತಿ ವಾಕ್ಯ ಮುಗಿಸುವ ಮೊದಲೇ ಸಭೆ ಒಕ್ಕೊರಲಿನಿಂದ “ಎಂಬತ್ತೈದು!” ಅನ್ನುತ್ತದೆ. ಯಾವ ತರಬೇತಿಗೆ ಹೋದರೂ ಇದೇ ಮೊದಲ ಚಿತ್ರ, ಎಲ್ಲರಿಗೂ ಬಾಯಿಪಾಠ.

ಆಮೇಲೆ ಕುರ್ಚಿಗಳನ್ನು ಪಕ್ಕಕ್ಕೆ ಸರಿಸುತ್ತಾರೆ. ಎಲ್ಲರೂ ಜಮಖಾನದ ಮೇಲೆ ಗುಂಪು ಗುಂಪಾಗಿ ಕೂರಬೇಕು. ನಿಮಗೂ ಜಾಗ ಬಿಟ್ಟಿದ್ದಾರೆ, ಕೂರಿ. ನಡುವೆ ಒಂದು ಮೊರ. ಅದರಲ್ಲಿ ಅವರೆಕಾಳು, ಹುರುಳಿ, ಅಲಸಂದೆ, ಹುಣಸೆಬೀಜ, ಕಡಲೆಬೀಜ ಎಲ್ಲ ಕಲಸಿಹೋಗಿವೆ. “ಈಗ ನೀವು ನಾಲ್ಕು ವರ್ಷದ ಮಕ್ಕಳು. ಇವನ್ನ ಬೇರೆ ಬೇರೆ ಮಾಡಿ,” ಅಷ್ಟೇ ಅಪ್ಪಣೆ. ಹೇಗೆ ಅಂತ ಹೇಳುವುದಿಲ್ಲ. ಒಂದು ಗುಂಪು ಬಣ್ಣ ನೋಡಿ ಬೇರೆ ಮಾಡಿತು, ಇನ್ನೊಂದು ಗಾತ್ರ ನೋಡಿ. ನಿಮ್ಮ ಗುಂಪಿನವರು ಎರಡೇ ರಾಶಿ ಹಾಕಿದ್ದಾರೆ. ಏನಿದು ಅಂದರೆ, “ಇದು ನಮ್ ಹೊಲದಲ್ಲಿ ಬೆಳೆಯೋದು, ಇದು ಅಂಗಡಿಯಿಂದ ತರೋದು.” ಸಂಪನ್ಮೂಲ ವ್ಯಕ್ತಿ ಕೇಳುತ್ತಾರೆ: “ನಿಮ್ಮ ಕೇಂದ್ರದಲ್ಲಿ ಒಂದು ಮಗು ಹೀಗೆ ರಾಶಿ ಹಾಕಿದ್ದರೆ ಸರಿ ಅಂತಿದ್ದಿರೋ, ತಪ್ಪು ಅಂತಿದ್ದಿರೋ?” ಯಾರೂ ಮಾತಾಡುವುದಿಲ್ಲ. ಮಗುವಿನ ತಲೆಯಲ್ಲಿ ಒಂದು ಲೆಕ್ಕವಿರುತ್ತದೆ, ಅದನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದನ್ನು ಇಲ್ಲಿ ಯಾರೂ ಭಾಷಣ ಮಾಡಿ ಹೇಳಲಿಲ್ಲ.

ಗೋಡೆಗೆ ಒರಗಿದ್ದ ಹಿರಿಯಾಕೆ ಕೈ ಎತ್ತುತ್ತಾರೆ. “ಮೇಡಂ, ಎಲ್ಲ ಸರಿ. ಮೂರು ವರ್ಷದ ಕೂಸು ಹುರುಳಿಕಾಳ ಮೂಗಿಗೆ ತುರುಕೊಂಡ್ರೆ ಯಾರು ಆಸ್ಪತ್ರೆಗೆ ಓಡೋರು?” ನಗು ಏಳುತ್ತದೆ. ಆದರೆ ಸಂಪನ್ಮೂಲ ವ್ಯಕ್ತಿ ನಗುವುದಿಲ್ಲ, ಪುಸ್ತಕ ತೆಗೆದು ಬರೆದುಕೊಳ್ಳುತ್ತಾರೆ. ಚಿಕ್ಕವರಿಗೆ ಕಾಳು ಬೇಡ, ದೊಡ್ಡ ಮುಚ್ಚಳ, ಒಣಗಿದ ಮಾವಿನ ಓಟೆ ಸಾಕು ಅಂತ ಅಲ್ಲೇ ತೀರ್ಮಾನ. ಮೂರು ದಿನದಲ್ಲಿ ನಡೆದ ಒಳ್ಳೆಯ ಪಾಠಗಳಲ್ಲಿ ಒಂದನ್ನು ಕಲಿಸಿದವರು ತರಬೇತಿಗೆ ಬಂದವರೇ.

ಎರಡನೆಯ ದಿನ ಮಧ್ಯಾಹ್ನ, ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ಪೋಷಕರ ಸಭೆಯ ಅಣಕು ಅಭಿನಯ. ಒಬ್ಬಾಕೆ ತಾಯಿ, ಇನ್ನೊಬ್ಬಾಕೆ ಟೀಚರ್. ತಾಯಿಯಾದವರು ಸೆರಗು ಸಿಕ್ಕಿಸಿಕೊಂಡು ನಿಂತೇಬಿಟ್ಟರು: “ಅಲ್ಲ ಕಣ್ ಟೀಚರಮ್ಮ, ಪಕ್ಕದ್ಮನೆ ಐದ ವ್ಯಾನಲ್ಲಿ ಕಾನ್ವೆಂಟ್‌ಗೆ ಹೋಯ್ತನೆ, ಎಬಿಸಿಡಿ ಎಲ್ಲ ಬರೀತನೆ. ನಮ್ ಹೆಣ್ಣು ನಿಮ್ಮಲ್ಲಿ ಬಂದು ಕುಣಿಯೋದ ಕಲ್ತದೆ ಅಷ್ಟೇಯ!” ಇದು ಅಭಿನಯವಲ್ಲ. ಕೂತವರೆಲ್ಲ ಪ್ರತಿ ವರ್ಷ ಜೂನ್‌ನಲ್ಲಿ ಕೇಳುವ ಮಾತು. ಈ ಮಾತಿಗೇ ಕೇಂದ್ರದ ಮಕ್ಕಳು ಕಡಿಮೆಯಾಗುತ್ತಾರೆ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಬಂದಾಗ ಕಾರ್ಯಕರ್ತೆಯರು ಬೆಂಗಳೂರಿಗೆ ಹೋಗಿ ಪ್ರತಿಭಟಿಸಿದ್ದು ಈ ಭಯಕ್ಕೇ.

ಟೀಚರ್ ಆದವರು ಒಂದು ಕ್ಷಣ ತಡವರಿಸುತ್ತಾರೆ. ಆಮೇಲೆ ತಾಯಿಯ ಕೈಗೆ ಒಂದು ಉಂಡೆ ಜೇಡಿಮಣ್ಣು ಕೊಟ್ಟು, “ಒಂದು ಶಾವಿಗೆ ಎಳೆ ಹೊಸೀರಿ ನೋಡಾನ,” ಅನ್ನುತ್ತಾರೆ. “ಬೆರಳು ಇಷ್ಟು ಬಗ್ಗಬೇಕು ಕಣವ್ವ. ಇದು ಬಂದ್ಮೇಲೆ ಪೆನ್ಸಿಲ್ ತಾನಾಗೇ ಹಿಡೀತದೆ. ಈಗ್ಲೇ ಹಿಡಿಸಿದ್ರೆ ಅಕ್ಷರ ಕಂಡ್ರೆ ಹೆದರ್ತದೆ.” ಪರದೆಯ ಮೇಲಿನ ಯಾವ ಚಿತ್ರವೂ ಇಷ್ಟು ಚೊಕ್ಕವಾಗಿ ಇದನ್ನು ಹೇಳಿರಲಿಲ್ಲ.

ಚಪ್ಪಾಳೆ ನಿಲ್ಲುವ ಮೊದಲೇ ನಾಲ್ಕಾರು ಫೋನುಗಳು ಒಟ್ಟಿಗೆ ಟಿಣ್ ಅನ್ನುತ್ತವೆ. ಪೋಷಣ್ ಟ್ರ್ಯಾಕರ್‌ನಲ್ಲಿ ಬಾಕಿ ಇರುವ ಮಾಹಿತಿ ಸಂಜೆಯೊಳಗೆ ತುಂಬಬೇಕೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂದೇಶ. 2021ರಲ್ಲಿ ಬಂದ ಈ ಆ್ಯಪ್‌ನಲ್ಲಿ ಹಾಜರಿ, ಎತ್ತರ, ತೂಕ ಎಲ್ಲ ಏರಿಸಬೇಕು. ಮನೆಗೆ ಪಡಿತರ ಕೊಡುವಾಗ ಫಲಾನುಭವಿಯ ಮುಖವನ್ನೂ ಫೋನು ಗುರುತು ಹಿಡಿಯಬೇಕು. ನೆಟ್‌ವರ್ಕ್ ಹುಡುಕಿ ಕಿಟಕಿಯ ಕಡೆ ಹೋದವರು ಆ ಮಧ್ಯಾಹ್ನ ತಮ್ಮ ಗುಂಪಿಗೆ ವಾಪಸಾಗಲಿಲ್ಲ.

ಮೂರನೆಯ ದಿನ ಬೇಗ ಬೇಗ ಸಾಗುತ್ತದೆ. ಮೂರು ವರ್ಷದೊಳಗಿನ ಕೂಸುಗಳಿಗಾಗಿ ‘ನವಚೇತನ’, ಮೂರರಿಂದ ಆರರವರಿಗೆ ‘ಆಧಾರಶಿಲಾ’: ಎರಡು ದಪ್ಪ ಪುಸ್ತಕಗಳ ಪರಿಚಯ. ರಾಜ್ಯದ್ದೇ ‘ಚಿಲಿಪಿಲಿ’ ವರ್ಷಗಳಿಂದ ಕೈಯಲ್ಲಿ ಇದ್ದೇ ಇದೆ. ಯಾವುದನ್ನು ಎಷ್ಟು ಬಳಸುವುದು ಎಂಬ ಪ್ರಶ್ನೆಗೆ “ಹೊಂದಿಸ್ಕೊಳ್ಳಿ” ಎಂಬ ಉತ್ತರ. ಅಂಗವೈಕಲ್ಯವಿರುವ ಮಕ್ಕಳನ್ನು ಗುರುತಿಸುವ ಬಗ್ಗೆ ಇನ್ನೂ ಒಂದು ದಿನ ಬೇಕಿತ್ತು, ಸಿಕ್ಕಿದ್ದು ಒಂದೇ ಅವಧಿ. ಪ್ರಮಾಣಪತ್ರ, ಗುಂಪು ಫೋಟೊ, ಬಸ್ಸು.

ನೀವು ಮಾತ್ರ ಮನೆಗೆ ಹೋಗಬೇಡಿ. ನಾಳೆ ಬೆಳಿಗ್ಗೆ ಆ ಶಾವಿಗೆ ಹೊಸೆಸಿದ ಟೀಚರ್ ಜೊತೆ ಅವರ ಕೇಂದ್ರಕ್ಕೆ ಬನ್ನಿ. ಕಬ್ಬಿನ ಗದ್ದೆಯ ಪಕ್ಕದ ಒಂದೇ ಕೋಣೆ. ಮಕ್ಕಳು ವೃತ್ತವಾಗಿ ಕೂತಿದ್ದಾರೆ, ನಡುವೆ ಬಣ್ಣಬಣ್ಣದ ಮುಚ್ಚಳಗಳ ರಾಶಿ. “ಬೇರೆ ಬೇರೆ ಮಾಡ್ರಪ್ಪ,” ಅನ್ನುವಷ್ಟರಲ್ಲಿ ಬಾಗಿಲಿಗೆ ಬಸುರಿ ಹೆಂಗಸೊಬ್ಬಳು ಬಂದಳು, ತಾಯಿ ಕಾರ್ಡ್ ಹಿಡಿದು. ಅವಳನ್ನು ಕಳಿಸಿ ಬಂದರೆ ಫೋನು. ಫೋನು ಇಟ್ಟರೆ ಒಲೆಯ ಮೇಲಿನ ಅನ್ನದ ಬಗ್ಗೆ ಸಹಾಯಕಿಯ ಕೂಗು. ಮುಚ್ಚಳಗಳು ಆಗಲೇ ಮೂಲೆ ಮೂಲೆ ಸೇರಿವೆ. ಟೀಚರ್ ನಿಮ್ಮ ಕಡೆ ನೋಡಿ ಸಣ್ಣಗೆ ನಗುತ್ತಾರೆ. ಈ ಕೆಲಸಕ್ಕೆ ಕೊಡುವುದು ಸಂಬಳವಲ್ಲ, ಗೌರವಧನ. ಅದರಲ್ಲಿ ಕೇಂದ್ರ ಸರ್ಕಾರದ ಲೆಕ್ಕ 2018ರ ಅಕ್ಟೋಬರ್‌ನಲ್ಲಿ ನಿಗದಿಯಾದ 4,500 ರೂಪಾಯಿ; ರಾಜ್ಯ ತನ್ನ ಪಾಲು ಸೇರಿಸುತ್ತದೆ. ಗ್ರಾಚ್ಯುಟಿಗೆ ಇವರೂ ಅರ್ಹರು ಎನ್ನಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು.

ಹನ್ನೊಂದರ ಹೊತ್ತಿಗೆ ಸ್ಕೂಟಿಯಲ್ಲಿ ಮೇಲ್ವಿಚಾರಕಿ ಬರುತ್ತಾರೆ. ಟೀಚರ್ ಅಭ್ಯಾಸಬಲದಿಂದ ದಾಸ್ತಾನು ಪುಸ್ತಕದ ಕಡೆ ಕೈ ಚಾಚುತ್ತಾರೆ. “ಇರ್ಲಿ ಟೀಚರ್, ಆಮೇಲೆ,” ಅಂದು ಮೇಲ್ವಿಚಾರಕಿ ಬ್ಯಾಗು ಗೋಡೆಗಿಟ್ಟು ಚಾಪೆಯ ಮೇಲೆ ಕೂರುತ್ತಾರೆ. ಚೆಲ್ಲಿದ ಮುಚ್ಚಳಗಳಲ್ಲಿ ಕೆಂಪನ್ನಷ್ಟೇ ಆರಿಸುತ್ತಿದ್ದ ಒಬ್ಬ ಹುಡುಗನ ಪಕ್ಕ, ಏನೂ ಮಾತಾಡದೆ. ಅರ್ಧ ಗಂಟೆಯ ನಂತರ ಅವರು ಟೀಚರಿಗೆ ಹೇಳಿದ್ದು ಇಷ್ಟು: “ರಾಶಿ ಒಂದೇ ಮಾಡಿದ್ರಿ, ಅದಕ್ಕೇ ದೂರ ಕೂತವ್ರು ಎದ್ದು ಹೋದ್ರು. ನಾಳೆ ನಾಲ್ಕು ತಟ್ಟೆಯಲ್ಲಿ ಹಾಕಿ ನೋಡಿ. ಬಸುರಿಯರು ಬರೋ ಹೊತ್ತು ಬೇರೆ ಮಾಡೋಕಾಗತ್ತಾ ಕೇಳಿ.” ಟೀಚರ್ ತಲೆಯಾಡಿಸಿ, ತಟ್ಟೆ ಎಲ್ಲಿವೆ ಅಂತ ಸಹಾಯಕಿಯನ್ನು ಕೇಳುತ್ತಾರೆ.

ತರಬೇತಿ ಎಂದರೆ ನನ್ನ ಲೆಕ್ಕದಲ್ಲಿ ಆ ಅರ್ಧ ಗಂಟೆ. ಸಭಾಂಗಣದ ಮೂರು ದಿನ ಬೇಕು, ಉತ್ಸಾಹ ಅಲ್ಲಿ ಹುಟ್ಟುತ್ತದೆ. ಆದರೆ ಅದು ಒಬ್ಬಳೇ ಟೀಚರ್ ಕೈಯಲ್ಲಿ ಒಂದು ವಾರವೂ ಬಾಳುವುದಿಲ್ಲ. ಬಾಳಿಸಬಲ್ಲವರು ಮೇಲ್ವಿಚಾರಕಿಯರು. ಅವರ ಪಾಲಿಗೋ ಸುಮಾರು 25 ಕೇಂದ್ರಗಳು, ಹುದ್ದೆ ಖಾಲಿಯಿದ್ದರೆ ಪಕ್ಕದ ವಲಯದ್ದೂ ಸೇರಿ ಇನ್ನಷ್ಟು; ಮೇಲಿಂದ ಸಭೆ, ಸಮೀಕ್ಷೆ, ಅಂಕಿಅಂಶ. ಭೇಟಿಯೆಂದರೆ ದಾಖಲೆ ತಪಾಸಣೆ ಎಂಬ ಅಭ್ಯಾಸ ಅವರಿಗೆ ಅಂಟಿದ್ದರೆ ಅದು ಅವರ ತಪ್ಪಲ್ಲ. ಒಬ್ಬ ಶಿಕ್ಷಕಿಯನ್ನು ಬೆಳೆಸುವುದು ಹೇಗೆ ಎಂದು ಅವರಿಗೂ ಯಾರಾದರೂ ಪಕ್ಕದಲ್ಲಿ ಕೂತು ಕಲಿಸಬೇಕು. ಎರಡು ದಿನದ ಮಾಸ್ಟರ್ ಟ್ರೈನರ್ ತರಬೇತಿ ಅದಕ್ಕೆ ಸಾಲದು.

ಇಲಾಖೆಯ ಅಧಿಕಾರಿಗಳಲ್ಲಿ ಒಂದು ಕೋರಿಕೆ. ತಿಂಗಳಲ್ಲಿ ಹತ್ತು ದಿನ ಮೇಲ್ವಿಚಾರಕಿಯರನ್ನು ಯಾವ ಸಭೆಗೂ ಕರೆಯಬೇಡಿ, ಯಾವ ವರದಿಯನ್ನೂ ಕೇಳಬೇಡಿ. ಆ ಹತ್ತು ದಿನ ಅವರು ಕೇಂದ್ರಗಳಲ್ಲಿ ಮಕ್ಕಳ ನಡುವೆ ಕೂರಲಿ, ಟೀಚರ್‌ಗಳ ಜೊತೆ ಮಾತಾಡಲಿ. ಇದಕ್ಕೆ ಹೊಸ ಯೋಜನೆ ಬೇಡ, ಒಂದು ಸುತ್ತೋಲೆ ಸಾಕು.